ಕೊಟ್ಟಿಗೆಯ ಹಾಲು, ಕೇರೆ ಹಾವಿನ ಪೊರೆ

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹಸು ಹಾಲು ಕಡಿಮೆ ಕೊಟ್ಟರೆ ಕಳ್ಳ ಯಾರು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. "ಕೇರೆ ಹಾವು ಮಾರಾಯ. ರಾತ್ರಿ ಬಂದು ಹಸುವಿನ ಕಾಲಿಗೆ ಸುತ್ತಿಕೊಂಡು ಕುಡಿದು ಹೋಗ್ತದೆ." ಈ ಸಲ ಸಾಕ್ಷಿಯೂ ಸಿಕ್ಕಿತ್ತು. ಕೊಟ್ಟಿಗೆಯ ಅಟ್ಟದಲ್ಲಿ, ಹುಲ್ಲಿನ ಮೇಲೆ ಒಂದು ಪೊರೆ.

ಹಾವಿಗೆ ಹೀರುವಂಥ ತುಟಿಯೇ ಇಲ್ಲ ಎಂದು ಹೇಳಿ ಹೇಳಿ ಸೋತಿದ್ದೇನೆ. "ನೀನು ರಾತ್ರಿ ಕೂತು ನೋಡಿದ್ದೀಯಾ?" ಎನ್ನುತ್ತಾರೆ. ನೋಡಿಲ್ಲ. ನೋಡಬೇಕಾಗಿಯೂ ಇಲ್ಲ. ಹಾವು ಏನು ತಿಂದಿದೆ ಅನ್ನುವ ಲೆಕ್ಕ ಆ ಪೊರೆಯಲ್ಲೇ ಇದೆ, ಐಸೋಟೋಪ್‌ಗಳ ರೂಪದಲ್ಲಿ. ಅಂದರೆ ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು.

ಐಸೋಟೋಪ್ ಅಂದ ಕೂಡಲೇ ಕೈಗಾ ನೆನಪಿಸಿಕೊಂಡು ಹೆದರುವವರಿದ್ದಾರೆ. ಇವು ಸ್ಥಿರ ಐಸೋಟೋಪ್‌ಗಳು, ವಿಕಿರಣ ಸೂಸುವುದಿಲ್ಲ. ಸಾವಿರ ನೈಟ್ರೋಜನ್ ಪರಮಾಣುಗಳಲ್ಲಿ ಮೂರೋ ನಾಲ್ಕೋ ಒಂದು ನ್ಯೂಟ್ರಾನ್ ಜಾಸ್ತಿ ಹೊತ್ತಿರುತ್ತವೆ, ಅಷ್ಟೇ. ಅವೇ ನೈಟ್ರೋಜನ್-15. ಉಳಿದವೆಲ್ಲ ನೈಟ್ರೋಜನ್-14.

ಮಜಾ ಇರುವುದು ಈ ಭಾರದ ಪರಮಾಣುಗಳು ದೇಹದಲ್ಲಿ ಉಳಿದುಕೊಳ್ಳುವ ರೀತಿಯಲ್ಲಿ. ಕಣದಲ್ಲಿ ಭತ್ತ ತೂರುವುದನ್ನು ನೋಡಿದ್ದೀರಲ್ವಾ? ಜೊಳ್ಳು ಗಾಳಿಗೆ ಹಾರುತ್ತದೆ, ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ದೇಹ ಪ್ರೋಟೀನನ್ನು ಒಡೆಯುವಾಗಲೂ ಹಾಗೆಯೇ. ಹಗುರ ನೈಟ್ರೋಜನ್ ಸ್ವಲ್ಪ ಸುಲಭವಾಗಿ ಕಳಚಿಕೊಂಡು ಹಸುವಿನ ಗಂಜಲದಲ್ಲೋ, ಹಾವಿನ ಸುಣ್ಣದಂಥ ಬಿಳಿ ಹಿಕ್ಕೆಯಲ್ಲೋ ಹೊರಬೀಳುತ್ತದೆ. ಭಾರದ್ದು ಮಾಂಸದಲ್ಲಿ, ಕೂದಲಲ್ಲಿ, ಪೊರೆಯಲ್ಲಿ ಉಳಿಯುತ್ತದೆ. ಅದನ್ನು ತಿಂದ ಪ್ರಾಣಿ ಇನ್ನೊಮ್ಮೆ ತೂರುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದಷ್ಟೂ ಜೋನಿ ಬೆಲ್ಲ ಗಟ್ಟಿಯಾಗುವ ಹಾಗೆ ಅಂತಲೂ ಹೇಳಬಹುದಿತ್ತು. ಆದರೆ ಕೊಪ್ಪರಿಗೆಯಲ್ಲಿ ಆಗುವ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಇಲ್ಲಿ ಒಂದನ್ನು ಇನ್ನೊಂದು ತಿನ್ನುವ ಸರಪಳಿಯಲ್ಲಿ ಒಂದು ಮೆಟ್ಟಿಲು ಹತ್ತಿದರೆ ಭಾರದ್ದಕ್ಕೂ ಹಗುರದ್ದಕ್ಕೂ ಇರುವ ಅನುಪಾತ ಏರುವುದು ಸಾವಿರಕ್ಕೆ 3ರಿಂದ 4ರಷ್ಟು ಮಾತ್ರ. ಅದನ್ನು ಅಳೆಯಲು ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಪ್ರಾಣಿಗಳಿಗೆ ಗೊತ್ತಿರುವ ಆಹಾರವನ್ನೇ ಹಾಕಿ ಬೆಳೆಸಿ ಈ ಲೆಕ್ಕವನ್ನು ಗಟ್ಟಿ ಮಾಡಿದವರು ಅಮೆರಿಕದ ಡಿನೈರೊ ಮತ್ತು ಎಪ್‌ಸ್ಟೀನ್. 1978ರಲ್ಲಿ ಕಾರ್ಬನ್ನಿಗೆ, 1981ರಲ್ಲಿ ನೈಟ್ರೋಜನ್ನಿಗೆ.

ಈಗ ನಮ್ಮ ಹಾವು. ಭತ್ತ, ಇಲಿ, ಹಾವು: ಗಿಡದಿಂದ ಎರಡು ಮೆಟ್ಟಿಲು. ಸೊಪ್ಪು, ಹುಳ, ಕಪ್ಪೆ, ಹಾವು: ಮೂರು. ಹಾಲು ಕುಡಿದರೆ? ಹಾಲೂ ತಾಯಿಯ ದೇಹದಿಂದಲೇ ಬಂದದ್ದು. ಹಾಗಾಗಿ ಮೊಲೆ ಕುಡಿಯುವ ಕರು ತಾಯಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. ಹಾಲು ಕುಡಿಯುವ ಹಾವೂ ಅದೇ ಮೆಟ್ಟಿಲಲ್ಲಿ ಇರಬೇಕು. ಹುಲ್ಲಿನಿಂದ ಎರಡು. ಅಯ್ಯೋ, ಇಲಿ ತಿಂದರೂ ಎರಡೇ!

ಇಲ್ಲಿ ಕಾರ್ಬನ್ ಕೈಹಿಡಿಯುತ್ತದೆ. ಭತ್ತ, ಅಡಿಕೆ, ಕಾಡಿನ ಮರಗಳು ಭಾರದ ಕಾರ್ಬನ್-13 ಅನ್ನು ಹೆಚ್ಚು ದೂರ ಇಡುತ್ತವೆ. ಮೆಕ್ಕೆಜೋಳ, ಕಬ್ಬು, ನಮ್ಮ ಬ್ಯಾಣದ ಎಷ್ಟೋ ಹುಲ್ಲುಗಳು ಅಷ್ಟು ಮಡಿ ಮಾಡುವುದಿಲ್ಲ. ಒಂದು ನಿಗದಿತ ಮಾದರಿಗೆ ಹೋಲಿಸಿ ಸಾವಿರಕ್ಕೆ ಎಷ್ಟು ಕಡಿಮೆ ಎಂದು ಅಳೆದರೆ ಮೊದಲಿನ ಗುಂಪು ಮೈನಸ್ 27ರ ಸುತ್ತ, ಎರಡನೆಯದು ಮೈನಸ್ 13ರ ಸುತ್ತ. ಈ ಗುರುತು ಮೆಟ್ಟಿಲು ಹತ್ತಿದರೂ ಹೆಚ್ಚು ಬದಲಾಗುವುದಿಲ್ಲ. ಬ್ಯಾಣದಲ್ಲಿ ಮೇದ ಹಸುವಿನ ಹಾಲೇ ಕುಡಿದಿದ್ದರೆ ಪೊರೆಯಲ್ಲಿ ಹುಲ್ಲಿನ ಗುರುತಿರಬೇಕು. ಗದ್ದೆಯ ಇಲಿ ತಿಂದಿದ್ದರೆ ಭತ್ತದ್ದು. ಶಿಕಾರಿಪುರದ ಕಡೆ ಮೆಕ್ಕೆಜೋಳಕ್ಕೆ ನುಗ್ಗುವ ಕಾಡುಹಂದಿಯ ರೋಮವೂ ಇದೇ ರೀತಿ ಸಾಕ್ಷಿ ಹೇಳೀತು. ಚಿಬ್ಬಲಗುಡ್ಡೆಯಲ್ಲಿ ಭಕ್ತರು ಹಾಕುವ ಮಂಡಕ್ಕಿ ತಿನ್ನುವ ಮೀನಿನ ಮೇಲೆ ಮಾತ್ರ ಕಾರ್ಬನ್ನಿನ ಆಟ ನಡೆಯುವುದಿಲ್ಲ. ಮಂಡಕ್ಕಿಯೂ ಭತ್ತ ತಾನೆ, ಹೊಳೆಗೆ ಬಿದ್ದ ಕಾಡಿನ ಎಲೆಯೂ ಅದೇ ಗುಂಪು.

ಇನ್ನೊಂದು ತೊಡಕು, ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ದಕ್ಷಿಣ ಭಾರತದ ಆನೆಗಳ ಮೂಳೆಯನ್ನು ಪರೀಕ್ಷಿಸಿ ರಾಮನ್ ಸುಕುಮಾರ್ ಮತ್ತು ಆರ್. ರಮೇಶ್ 1992ರಲ್ಲಿ ಇದನ್ನು ತೋರಿಸಿದರು. ಹುಲ್ಲು, ಸೊಪ್ಪು ತಿಂದ ಪ್ರಮಾಣಕ್ಕೆ ಹೋಲಿಸಿದರೆ ಮೂಳೆಯಲ್ಲಿ ಸೊಪ್ಪಿನ ಪಾಲು ಜಾಸ್ತಿ ಇತ್ತು. ಸೊಪ್ಪಿನಲ್ಲಿ ಪ್ರೋಟೀನು ಹೆಚ್ಚಿರುವುದು ಕಾರಣವಿರಬಹುದು ಎಂದರು.

ಅದಕ್ಕೇ ಸುಮ್ನೆ ಪೊರೆ ಒಂದನ್ನೇ ಅಳೆದರೆ ಸಾಲದು. ಹಸು, ಇಲಿ, ಹುಲ್ಲು ಎಲ್ಲದರ ಚೂರೂ ಬೇಕು. ಬಾಲದ ಕೂದಲಿಗೆಂದು ಕತ್ತರಿ ಹಿಡಿದು ಕೊಟ್ಟಿಗೆಗೆ ಹೋದೆ. ದೊಡ್ಡಮ್ಮ ಅನುಮಾನದಿಂದಲೇ ಹಿಂದೆ ಬಂದರು. ಕರುವಿನ ಕಣ್ಣಿ ಬಿಚ್ಚಿಹೋಗಿತ್ತು. ಅದರ ಮೂತಿಯೆಲ್ಲ ನೊರೆ.