ಹುಳುಕಡ್ಡಿಗೆ ಮೆಡಿಕಲ್ ಶಾಪೇ ಡಾಕ್ಟರ್ ಆದ ಕಥೆ

ಹೆಸರಲ್ಲಿ ಹುಳು ಇದ್ದರೂ ಶಿಲೀಂಧ್ರದಿಂದ ಬರುವ ಹುಳುಕಡ್ಡಿಗೆ ಮೊದಲೆಲ್ಲ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೆಲವು ವಾರ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಈಗ ಎಷ್ಟೋ ಜನರಿಗೆ ಎರಡು ತಿಂಗಳು ಮಾತ್ರೆ ನುಂಗಿದರೂ ಮತ್ತೆ ಬರುತ್ತದೆ. ಯಾಕೆ ಹೀಗಾಯಿತು ಅಂತ ಹುಡುಕುತ್ತ ಹೋದರೆ ಎದುರಾಗುವ ಪ್ರಶ್ನೆಯೇ ಬೇರೆ: ಹಳ್ಳಿಯಲ್ಲಿ ಚರ್ಮ ನೋಡುವವರು ಯಾರಿದ್ದಾರೆ?

ಒಂದು ಕಾಲಕ್ಕೆ ಇದ್ದರು. 1955ರಲ್ಲಿ ಶುರುವಾಗಿ 1983ರಲ್ಲಿ ಹೊಸ ರೂಪ ಪಡೆದ ಕುಷ್ಠರೋಗ ಕಾರ್ಯಕ್ರಮದ ಸಿಬ್ಬಂದಿ ಊರೂರು ತಿರುಗುತ್ತಿದ್ದರು. ಅಂಗಿ ಬಿಚ್ಚಿಸಿ ಬೆನ್ನು ನೋಡುತ್ತಿದ್ದರು. ಮಚ್ಚೆ ಕಂಡರೆ ಅಲ್ಲಿ ಸ್ಪರ್ಶ ತಿಳಿಯುತ್ತದಾ ಅಂತ ನೋಡಲು, 'ಕಣ್ಣು ಮುಚ್ಚಿ, ಮುಟ್ಟಿದ ಕಡೆ ಬೆರಳಿಡಿ' ಅಂತ ಪೆನ್ನಿನ ತುದಿಯನ್ನು ಮೆಲ್ಲಗೆ ತಾಕಿಸುತ್ತಿದ್ದರು. ಕಜ್ಜಿ, ತೊನ್ನು, ಇಸುಬು ಅವರ ಕೆಲಸವಲ್ಲ. ಆದರೂ 'ಇದು ಅದಲ್ಲ, ಹೆದರಬೇಡಿ' ಅನ್ನುವಷ್ಟು ಕಣ್ಣು ಪಳಗಿತ್ತು.

2005ರ ಕೊನೆಗೆ ದೇಶದಲ್ಲಿ ಕುಷ್ಠ 10,000 ಜನರಿಗೆ ಒಂದಕ್ಕಿಂತ ಕಡಿಮೆಯಾಯಿತು. ಅಷ್ಟರಲ್ಲಿ ಆ ಪ್ರತ್ಯೇಕ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಮಾಮೂಲಿ ಕೆಲಸದೊಳಗೆ ಸೇರಿಹೋಗಿತ್ತು. ರೋಗಿಗಳನ್ನು ಬೇರೆ ಇಡುವುದು ತಪ್ಪಿತಲ್ಲ, ಅದು ಒಳ್ಳೆಯದೇ. ಚರ್ಮ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದವರು ಮಾತ್ರ ಕಡಿಮೆಯಾಗುತ್ತ ಹೋದರು.

ಅವರ ಜಾಗಕ್ಕೆ ತಜ್ಞರು ಬರುವಂತೆಯೂ ಇರಲಿಲ್ಲ. ಸುಮಾರು 1.2 ಲಕ್ಷ ಜನರಿಗೊಂದು ಅಂತ ಲೆಕ್ಕ ಹಾಕಿದ ಸಮುದಾಯ ಆರೋಗ್ಯ ಕೇಂದ್ರಕ್ಕೆ ಮೂಲ ನಿಯಮದಲ್ಲಿ ಹೇಳಿದ್ದು ನಾಲ್ಕು ತಜ್ಞರು: ಸರ್ಜನ್, ಫಿಸಿಷಿಯನ್, ಹೆರಿಗೆ ಡಾಕ್ಟರ್, ಮಕ್ಕಳ ಡಾಕ್ಟರ್. ಚರ್ಮದವರು ಆ ಪಟ್ಟಿಯಲ್ಲೇ ಇಲ್ಲ. ತುರಿಕೆಯಿಂದ ಯಾರೂ ಸಾಯುವುದಿಲ್ಲ, ಅಲ್ವಾ? ರಾತ್ರಿಯಿಡೀ ನಿದ್ದೆ ಇಲ್ಲದೆ ಕೆರೆದುಕೊಂಡು ಬೆಳಿಗ್ಗೆ ಕೂಲಿಗೆ ಹೋಗುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾಗಿ ಸಂತೆ ದಿನದ ಮೆಡಿಕಲ್ ಶಾಪೇ ಗತಿಯಾಯಿತು. ಕೌಂಟರಿನ ಮುಂದೆ ನಿಂತು ದನಿ ತಗ್ಗಿಸಿ, 'ಅಣ್ಣಾ, ತುರಿಕೆಗೆ ಏನಾದ್ರೂ ಕೊಡಿ.' ತೊಡೆಸಂದು ತೋರಿಸಲಾಗುತ್ತದೆಯೇ? ಅಂಗಡಿಯವನೂ ಕೇಳುವುದಿಲ್ಲ. ಒಂದು ಟ್ಯೂಬ್ ಎತ್ತಿ ಕೊಡುತ್ತಾನೆ.

ಆ ಟ್ಯೂಬಿನಲ್ಲಿ ಏನಿರುತ್ತಿತ್ತು ಅನ್ನುವುದೇ ಇಡೀ ಕಥೆಯ ಗಂಟು. ಶಿಲೀಂಧ್ರದ ಔಷಧಿ ಒಂದಿಷ್ಟು, ಬ್ಯಾಕ್ಟೀರಿಯಾದ್ದು ಒಂದಿಷ್ಟು, ಜೊತೆಗೆ ಕ್ಲೊಬೆಟಾಸಾಲ್‌ನಂಥ ಜೋರು ಸ್ಟೀರಾಯ್ಡ್. ಹಚ್ಚಿದ ಒಂದೆರಡು ದಿನಕ್ಕೆ ತುರಿಕೆ ಮಾಯ. ಕೆಂಪು ಇಳಿಯುತ್ತದೆ. ಆದರೆ ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರ ವಿರುದ್ಧ ಎದ್ದುನಿಂತ ಚರ್ಮವನ್ನು ಸುಮ್ನೆ ಕೂರಿಸುತ್ತದೆ, ಅಷ್ಟೇ. ಬಿಟ್ಟ ಕೂಡಲೇ ಮತ್ತೆ ತುರಿಕೆ, ಮತ್ತೆ ಟ್ಯೂಬ್. ಹುಳುಕಡ್ಡಿಯ ಗುರುತೇ ಆದ ಉಂಗುರದ ಅಂಚು ಅಳಿಸಿಹೋಗಿ, ಡಾಕ್ಟರೂ ಗುರುತು ಹಿಡಿಯಲು ಪರದಾಡುವಂತಾಗುತ್ತದೆ. ತೊಡೆಯ ಚರ್ಮ ತೆಳುವಾಗಿ ಬಸುರಿ ಹೊಟ್ಟೆಯ ಮೇಲಿನಂಥ ಬಿರುಕು ಗೆರೆಗಳು ಬೀಳುತ್ತವೆ. ಅವು ಪೂರ್ತಿ ಮಾಸುವುದಿಲ್ಲ. ಒಂದೇ ಟವೆಲ್ ಬಳಸುವ ಮನೆಯಲ್ಲಿ ಒಬ್ಬರದು ಎಲ್ಲರದೂ ಆಗುತ್ತದೆ.

ಚರ್ಮತಜ್ಞರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ, 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂತಾಯಿತು. ಚೀಟಿ ಬರೆಯುವ ಚರ್ಮದ ಡಾಕ್ಟರ್ ಎಲ್ಲಿ ಅನ್ನುವುದು ಆ ಆದೇಶದ ವಿಷಯವಾಗಿರಲಿಲ್ಲ. ಅಷ್ಟರಲ್ಲಿ ಶಿಲೀಂಧ್ರವೂ ಬದಲಾಗಿತ್ತು. ಶಿಲೀಂಧ್ರದ ಔಷಧಿಯಾದ ಟರ್ಬಿನಾಫಿನ್‌ಗೆ ಹಲವು ಸಲ ಜಗ್ಗದ ಒಂದು ಬಗೆಗೆ 2020ರಲ್ಲಿ ಇಟ್ಟ ಹೆಸರಿನಲ್ಲೇ ನಮ್ಮ ದೇಶ ಸೇರಿಕೊಂಡಿದೆ: ಟ್ರೈಕೊಫೈಟಾನ್ ಇಂಡೊಟಿನಿಯೆ.

2015–16ರ ಆಸುಪಾಸಿನಲ್ಲಿ ಗದಗ, ಕೊಪ್ಪಳ, ಚಾಮರಾಜನಗರದಂಥ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದವು, ಜೊತೆಗೆ ಚರ್ಮ ವಿಭಾಗವೂ ಬಂತು. ಆದರೆ ಮಲೆ ಮಹದೇಶ್ವರ ಬೆಟ್ಟದಿಂದ ಚಾಮರಾಜನಗರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋದವು. ನಾಲ್ಕು ವಾರ ಬಿಟ್ಟು ಮತ್ತೆ ಬನ್ನಿ ಅಂದರೆ ಬರುತ್ತಾರಾ?

2019ರಲ್ಲಿ ಬಂದ ಇ-ಸಂಜೀವಿನಿಯಿಂದ ಪಿಎಚ್‌ಸಿಯಲ್ಲೇ ಕೂತು ದೂರದ ತಜ್ಞರನ್ನು ವಿಡಿಯೋದಲ್ಲಿ ಕಾಣುವಂತಾಯಿತು. ಹೊರಗೇ ಕಾಣುವ ಕಾಯಿಲೆಗೆ ಇದು ಹೇಳಿ ಮಾಡಿಸಿದ ದಾರಿ. ತೊಡಕು ಸಣ್ಣಸಣ್ಣವೇ. ಫೋನ್ ತಾನಾಗಿಯೇ ಮುಖ ನುಣುಪು ಮಾಡಿಬಿಡುತ್ತದೆ. ಟ್ಯೂಬ್‌ಲೈಟಿನಡಿ ಬಣ್ಣ ಬದಲಾಗುತ್ತದೆ. ನಮ್ಮ ಕಪ್ಪು ಮೈಯಲ್ಲಿ ಕೆಂಪು ಕೆಂಪಾಗಿ ಕಾಣುವುದೂ ಇಲ್ಲ, ನೇರಳೆಯೋ ಕಂದೋ ಆಗಿರುತ್ತದೆ. ಚರ್ಮ ಕೆರೆದು ಮೈಕ್ರೊಸ್ಕೋಪಿನಲ್ಲಿ ನೋಡುವ ಪರೀಕ್ಷೆ ಪರದೆಯ ಮೇಲೆ ಆಗುವುದಿಲ್ಲ.

ಅದಕ್ಕೇ ಚರ್ಮದ ಡಾಕ್ಟರ್ ಮೊದಲು ಕೇಳುವುದು, 'ಇಷ್ಟು ದಿನ ಏನು ಹಚ್ಚಿದ್ರಿ?' ಹೆಸರು ಗೊತ್ತಿರುವುದಿಲ್ಲ. ಸೆರಗಿನ ಗಂಟು ಬಿಚ್ಚಿ, ಬುಡದಿಂದ ಸುರುಳಿ ಸುತ್ತಿ ಕೊನೇ ಹನಿಯವರೆಗೂ ಹಿಂಡಿದ ಟ್ಯೂಬನ್ನು ಮೇಜಿನ ಮೇಲಿಡುತ್ತಾರೆ.