ಚಾನೆಲ್ ಲೋಗೋವನ್ನು ಕೈಯಲ್ಲಿ ಕಟ್ಟುವುದು: ಚೂರುಗಳು ಒಂದೇ ಕಡೆಯಿಂದ ಕೂಡುವ ಲೆಕ್ಕ

ಎರಡು ಕಾರ್ಯಕ್ರಮಗಳ ನಡುವೆ ಕೆಲವೇ ಸೆಕೆಂಡ್ ಬಂದು ಹೋಗುವ ಲೋಗೋ ದೃಶ್ಯಕ್ಕೆ ಐಡೆಂಟ್ ಅನ್ನುತ್ತಾರೆ. ಈಗ ಹೆಚ್ಚಿನವು ಕಂಪ್ಯೂಟರಿನಲ್ಲೇ ತಯಾರಾಗುತ್ತವೆ. ಈ ಟಿಪ್ಪಣಿ ಮರ, ಅಕ್ರಿಲಿಕ್, ಲೋಹದಲ್ಲಿ ಕಟ್ಟಿ ಕ್ಯಾಮೆರಾ ಮುಂದೆ ನಿಲ್ಲಿಸುವ ಲೋಗೋ ಬಗ್ಗೆ.

ಇತಿಹಾಸ ಚುಟುಕಾಗಿ. 1953ರಲ್ಲಿ ವಿನ್ಯಾಸಕಾರ ಏಬ್ರಮ್ ಗೇಮ್ಸ್ ಬ್ರಿಟನ್ನಿನ ಬಿಬಿಸಿ ಟಿವಿಗೆ ಮಾಡಿಕೊಟ್ಟ ಲಾಂಛನ ತಂತಿ, ದೀಪ ಜೋಡಿಸಿದ ಚಲಿಸುವ ಮಾಡೆಲ್. 1969ರಲ್ಲಿ ಬಿಬಿಸಿ ಒಂದು ತಿರುಗುವ ಗ್ಲೋಬ್‌ನ ಹಿಂದೆ ಬಾಗಿದ ಕನ್ನಡಿ ಇಟ್ಟಿತು. ಅದನ್ನು ತೋರಿಸುತ್ತಿದ್ದದ್ದು ಕಪ್ಪು-ಬಿಳುಪು ಕ್ಯಾಮೆರಾ, ಬಣ್ಣವನ್ನು ಆಮೇಲೆ ಎಲೆಕ್ಟ್ರಾನಿಕ್ ಆಗಿ ಸೇರಿಸುತ್ತಿದ್ದರು. 1982ರಲ್ಲಿ ಬ್ರಿಟನ್ನಿನ ಚಾನೆಲ್ 4 ಬಂತು. ಹಾರಿ ಬಂದು 4 ಆಗುವ ಅದರ ಬಣ್ಣದ ಇಟ್ಟಿಗೆಗಳು ಕಂಪ್ಯೂಟರಿನವು. ಅದನ್ನು ರೂಪಿಸಿದ ಮಾರ್ಟಿನ್ ಲ್ಯಾಂಬಿ-ನೇರ್ನ್ ಅವರ ಸಂಸ್ಥೆಯೇ 1991ರಲ್ಲಿ ಬಿಬಿಸಿ ಟೂಗೆ ಮತ್ತೆ ನಿಜವಾದ ಮಾಡೆಲ್‌ಗಳಿಗೆ ಮರಳಿತು: 2 ಅಂಕಿಯ ಮೇಲೆ ಪಚ್ಚೆ ಬಣ್ಣ ರಪ್ಪನೆ ಬಂದು ಬೀಳುತ್ತದೆ, ಅಷ್ಟೇ. ನನಗೆ ಇವತ್ತಿಗೂ ಅದೇ ಇಷ್ಟ.

ಈಗ ವಿಷಯಕ್ಕೆ ಬರೋಣ. 2004ರ ಕೊನೆಗೆ ಬಂದ ಚಾನೆಲ್ 4 ಐಡೆಂಟ್‌ಗಳಲ್ಲಿ ಕ್ಯಾಮೆರಾ ಸಾಗುತ್ತಾ ಇರುತ್ತದೆ. ದೂರ ದೂರ ಇರುವ ವಸ್ತುಗಳು ಒಂದು ಗಳಿಗೆ 4 ಆಗಿ ಕೂಡಿ, ಮತ್ತೆ ಚದುರುತ್ತವೆ. ಅಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ನೆರವಿತ್ತು. ಇದನ್ನೇ ಕೈಯಲ್ಲಿ ಕಟ್ಟಬೇಕಾದರೆ? ಲೋಗೋವನ್ನು ಚೂರುಗಳಾಗಿ ಮಾಡಿ ಬೇರೆ ಬೇರೆ ದೂರದಲ್ಲಿ ನಿಲ್ಲಿಸಬೇಕು. ಚೂರುಗಳು ಒಂದಕ್ಕೊಂದು ತಾಗುವುದೇ ಇಲ್ಲ. ಲೆನ್ಸ್ ಇರುವ ಒಂದೇ ಜಾಗದಿಂದ ನೋಡಿದಾಗ ಮಾತ್ರ ತಾಗಿದಂತೆ ಕಾಣುತ್ತವೆ.

ಲೆಕ್ಕ ಸುಲಭ. ಲೆನ್ಸ್‌ನಿಂದ 2 ಮೀಟರ್ ದೂರದಲ್ಲಿ ಇಡೀ ಲೋಗೋ ಇದೆ ಅಂತ ಇಟ್ಟುಕೊಳ್ಳಿ. ಅದರ 20 ಸೆಂಟಿಮೀಟರ್ ಎತ್ತರದ ಒಂದು ಚೂರನ್ನು 3 ಮೀಟರ್‌ಗೆ ತಳ್ಳಬೇಕು. 3 ಭಾಗಿಸು 2 ಅಂದರೆ 1.5. ಹಾಗಾಗಿ ಚೂರು 30 ಸೆಂಟಿಮೀಟರ್ ಆಗಬೇಕು. ಇಷ್ಟು ಎಲ್ಲರಿಗೂ ಹೊಳೆಯುತ್ತದೆ.

ತಲೆ ಕೆಡಿಸುವುದು ಮುಂದಿನ ಹೆಜ್ಜೆ. ಚೂರು ದೊಡ್ಡದಾದರೆ ಸಾಲದು, ಅದರ ಜಾಗವೂ ಅದೇ 1.5 ಪಟ್ಟು ಸರಿಯಬೇಕು. ಲೆನ್ಸ್‌ನಿಂದ ನೇರ ಮುಂದಕ್ಕೆ ಒಂದು ದಾರ ಎಳೆದಿದ್ದೇವೆ ಅಂದುಕೊಳ್ಳಿ. ಚೂರಿನ ನಡುಭಾಗ ಮೊದಲು ಆ ದಾರದಿಂದ 10 ಸೆಂಟಿಮೀಟರ್ ಎಡಕ್ಕಿತ್ತು. 3 ಮೀಟರ್‌ಗೆ ಹೋದಾಗ ಅದು 15 ಸೆಂಟಿಮೀಟರ್ ಎಡಕ್ಕಿರಬೇಕು. 10ರಲ್ಲೇ ಬಿಟ್ಟರೆ ಲೆನ್ಸ್‌ಗೆ ಅದು 6.7ರಲ್ಲಿ ಇದ್ದಂತೆ ಕಾಣುತ್ತದೆ. ಅಂದರೆ ಅಳತೆ ಸರಿ ಇದ್ದರೂ ಚೂರು ನಡುವಿನ ಕಡೆ ಜಾರಿ ಪಕ್ಕದ ಚೂರಿನ ಮೇಲೆ ಹತ್ತಿ ಕೂರುತ್ತದೆ. ಮೇಲೆ-ಕೆಳಗೆ ಸರಿಸುವುದಕ್ಕೂ ಇದೇ ನಿಯಮ. ದಾರದಿಂದಲೇ ಅಳೆಯಬೇಕು, ನೆಲದಿಂದಲ್ಲ.

ಇನ್ನೊಂದು ಗೊಂದಲ: ದೂರವನ್ನು ಕ್ಯಾಮೆರಾದ ಯಾವ ಭಾಗದಿಂದ ಅಳೆಯಬೇಕು? ಬಾಡಿ ಮೇಲೆ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಚಿಪ್, ಇರುವ ಜಾಗ ತೋರಿಸುವ ಗುರುತು ಇರುತ್ತದೆ. ಅದು ಫೋಕಸ್ ಅಳತೆಗೆ, ನಮ್ಮ ಲೆಕ್ಕಕ್ಕಲ್ಲ. ನಮಗೆ ಬೇಕಾದದ್ದು ಕ್ಯಾಮೆರಾ ನಿಜವಾಗಿ ಎಲ್ಲಿಂದ ನೋಡುತ್ತದೋ ಆ ಬಿಂದು, ಅದು ಸಾಮಾನ್ಯವಾಗಿ ಲೆನ್ಸ್‌ನ ಒಳಗೆಲ್ಲೋ ಇರುತ್ತದೆ. ಅದು ಸೆನ್ಸರ್‌ಗಿಂತ 10 ಸೆಂಟಿಮೀಟರ್ ಮುಂದಿದೆ ಅನ್ನಿ. 2 ಮತ್ತು 3 ಮೀಟರನ್ನು ಸೆನ್ಸರ್ ಗುರುತಿನಿಂದ ಅಳೆದಿದ್ದರೆ ನಿಜವಾದ ದೂರ 1.9 ಮತ್ತು 2.9 ಮೀಟರ್. ಪಟ್ಟು 1.5 ಅಲ್ಲ, ಸುಮಾರು 1.526. ಚೂರು 30.5 ಸೆಂಟಿಮೀಟರ್ ಬೇಕಿತ್ತು, ನಾವು 30ಕ್ಕೆ ಕತ್ತರಿಸಿರುತ್ತೇವೆ. ಅರ್ಧ ಸೆಂಟಿಮೀಟರ್ ಸಂದು ಪರದೆಯ ಮೇಲೆ ಎದ್ದು ಕಾಣುತ್ತದೆ.

ಆ ಬಿಂದುವನ್ನು ಹುಡುಕಲು ಹತ್ತಿರ ಒಂದು ಕಡ್ಡಿ, ದೂರ ಒಂದು ಕಡ್ಡಿ ನಿಲ್ಲಿಸಿ. ಕ್ಯಾಮೆರಾದಲ್ಲಿ ಒಂದರ ಹಿಂದೆ ಒಂದು ಅಡಗುವಂತೆ ಮಾಡಿ. ಈಗ ಕ್ಯಾಮೆರಾವನ್ನು ಎಡಬಲ ತಿರುಗಿಸಿ. ಕಡ್ಡಿಗಳು ಬೇರೆ ಬೇರೆಯಾಗಿ ಕಂಡರೆ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ಸ್ವಲ್ಪ ಹಿಂದೆ ಅಥವಾ ಮುಂದೆ ಸರಿಸಿ, ಮತ್ತೆ ತಿರುಗಿಸಿ. ಎಷ್ಟು ತಿರುಗಿಸಿದರೂ ಕಡ್ಡಿಗಳು ಅಂಟಿಕೊಂಡೇ ಇದ್ದರೆ, ಸ್ಟ್ಯಾಂಡ್ ತಿರುಗುವ ಅಕ್ಷದ ನೇರಕ್ಕೆ ಇರುವುದೇ ಆ ಬಿಂದು. ಜೂಮ್ ಮಾಡಿದರೆ ಅದು ಜಾಗ ಬದಲಿಸುತ್ತದೆ. ಆದ್ದರಿಂದ ಜೂಮ್ ಇಲ್ಲದ ಲೆನ್ಸ್ ಬಳಸುವುದು ವಾಸಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮೆಚ್ಚಿನ ಅಡ್ಡದಾರಿ: ಲೆಕ್ಕವನ್ನೇ ಬಿಡಿ, ಪ್ರೊಜೆಕ್ಟರ್ ತನ್ನಿ. ಕ್ಯಾಮೆರಾದ ಬಿಂದು ಬರುವ ಜಾಗದ ಮೇಲೆ ಸೀಲಿಂಗಿನಿಂದ ಗುಂಡು ಕಟ್ಟಿದ ದಾರ ಇಳಿಬಿಡಿ. ಪ್ರೊಜೆಕ್ಟರ್ ಲೆನ್ಸ್ ಅಲ್ಲಿಗೆ ಬರಲಿ. ಮೊದಲು 2 ಮೀಟರ್‌ನಲ್ಲಿ ಬಿಳಿ ಬೋರ್ಡನ್ನು ನೇರವಾಗಿ ನಿಲ್ಲಿಸಿ, ಲೋಗೋ ಸೊಟ್ಟಗಾಗದೆ ಬೀಳುವಂತೆ ಸರಿಮಾಡಿ. ಬೋರ್ಡ್ ತೆಗೆದು ಹಿಂದೆ ಮುಂದೆ ಬೇಕಾದಲ್ಲಿ ಫೋಮ್ ಹಲಗೆಗಳನ್ನು ನಿಲ್ಲಿಸಿ. ಬೆಳಕು ಬಿದ್ದಲ್ಲಿ ಪೆನ್ಸಿಲ್ ಎಳೆದು ಕತ್ತರಿಸಿ. ಹಲಗೆ ಓರೆಯಾಗಿದ್ದರೂ ಚಿಂತೆಯಿಲ್ಲ. ಓರೆ ಹಲಗೆಗೆ ಕೈಲೆಕ್ಕ ಹಾಕುವುದು ದೊಡ್ಡ ತಲೆನೋವು, ಬೆಳಕು ಅದನ್ನು ಸುಮ್ನೆ ಮಾಡಿಬಿಡುತ್ತದೆ.

ಕತ್ತರಿಸುವಾಗ ಎರಡು ಎಚ್ಚರ. ಹಲಗೆಗೆ ದಪ್ಪ ಇರುತ್ತದೆ, ಪಕ್ಕದ ಚೂರುಗಳ ಅಂಚು ಲೆನ್ಸ್‌ಗೆ ಕಾಣುತ್ತದೆ. ಅಂಚನ್ನು ಹಿಂದಕ್ಕೆ ಹೋದಂತೆ ಒಳಗೆ ಇಳಿಸಿ ಉಜ್ಜಿದರೆ ಮುಖ ಮಾತ್ರ ಉಳಿಯುತ್ತದೆ. ಇನ್ನೊಂದು, ಒಳಗೆ ಬಿಡಿ ಭಾಗ ಇರುವ ಅಕ್ಷರಗಳು. ‘ಠ’ ಕತ್ತರಿಸಿ ನೋಡಿ: ನಡುವಿನ ಚುಕ್ಕಿ ಹಿಡಿತವಿಲ್ಲದೆ ಕೆಳಗೆ ಬೀಳುತ್ತದೆ. ಅದಕ್ಕೆ ಹಿಂದಿನಿಂದ ಬೇರೆ ಕಡ್ಡಿ ಕೊಡಬೇಕು.

ಬೆಳಕಿನ ಭಾಗ ಚಿಕ್ಕದು. ಹತ್ತಿರದ, ದೂರದ ಚೂರುಗಳೆಲ್ಲ ಒಟ್ಟಿಗೆ ಸ್ಪಷ್ಟ ಕಾಣಬೇಕು ಅಲ್ವಾ, ಅದಕ್ಕೆ ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ, ಕಿರಿದಾಗಬೇಕು. ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು. ಎಫ್/4ರಿಂದ ಎಫ್/16ಕ್ಕೆ ಹೋದರೆ 16 ಪಟ್ಟು ಬೆಳಕು ಬೇಕು. ಅಷ್ಟು ದೀಪ ಇಲ್ಲದಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಒಂದೊಂದೇ ಫ್ರೇಮ್ ತೆಗೆಯಿರಿ, ಎಕ್ಸ್‌ಪೋಷರ್, ಅಂದರೆ ಪ್ರತಿ ಫ್ರೇಮ್ ಬೆಳಕು ಹಿಡಿಯುವ ಸಮಯ, ಹೆಚ್ಚಿಸಿ. ಸೆಕೆಂಡಿಗೆ 25ರ ಲೆಕ್ಕದಲ್ಲಿ 5 ಸೆಕೆಂಡ್‌ಗೆ 125 ಫ್ರೇಮ್, ಅಷ್ಟೇನೂ ಜಾಸ್ತಿ ಅಲ್ಲ. ಕನ್ನಡಿಯಂತೆ ಹೊಳೆಯುವ ಲೋಹ ಬಳಸಿದರೆ ಲೋಗೋದಲ್ಲಿ ಕಾಣುವುದು ಎದುರಿನ ಕೋಣೆ. ಕ್ಯಾಮೆರಾ ಮುಂದೆ ಕಪ್ಪು ಬಟ್ಟೆ ಕಟ್ಟಿ, ಲೆನ್ಸ್‌ಗೆ ಮಾತ್ರ ತೂತು ಬಿಡಿ.

ಶೂಟಿಂಗ್ ದಿನದ ಒಂದು ಉಪಾಯ. ಕ್ಯಾಮೆರಾ ಪಕ್ಕದಿಂದ ಬಂದು ಕರಾರುವಾಕ್ಕಾಗಿ ಆ ಬಿಂದುವಿನಲ್ಲೇ ನಿಲ್ಲಬೇಕು. ಕೈಯಿಂದ ತಳ್ಳಿಕೊಂಡು ಬಂದರೆ ಪ್ರತಿ ಸಲ ಒಂದಿಷ್ಟು ಆಚೀಚೆ ಆಗುತ್ತದೆ. ಅದಕ್ಕೆ ಉಲ್ಟಾ ಶೂಟ್ ಮಾಡಿ: ಲೋಗೋ ಸರಿಯಾಗಿ ಕೂಡಿದ ಜಾಗದಿಂದ ಶುರು, ಎರಡು ಸೆಕೆಂಡ್ ಅಲುಗಾಡದೆ ಇದ್ದು ಆಮೇಲೆ ಹೊರಕ್ಕೆ ಎಳೆಯಿರಿ. ಎಡಿಟಿಂಗ್‌ನಲ್ಲಿ ಹಿಂದುಮುಂದು ಮಾಡಿದರೆ ಆಯಿತು. ಹೊಗೆ, ನೀರು, ಬೀಳುವ ಬಣ್ಣ ಇದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.