'ಸಾಲ ಮಾಡಿ ಕೆಟ್ಟರು' ಅಂದರೆ ಅವರು ಕೆಟ್ಟವರಾ?

ಓದುಗರೊಬ್ಬರ ಪ್ರಶ್ನೆ: "ನಮ್ಮ ದೊಡ್ಡಪ್ಪನ ವಿಷಯ ಬಂದಾಗ ಅಮ್ಮ 'ಪಾಪ, ಸಾಲ ಮಾಡಿ ಕೆಟ್ಟರು' ಅಂದರು. ಪುಣೆಯಲ್ಲಿ ಬೆಳೆದ ನನ್ನ ಮಗಳು ತಟ್ಟನೆ 'ಆ ತಾತ ಕೆಟ್ಟವರಾ?' ಅಂತ ಕೇಳಿಬಿಟ್ಟಳು. ಏನು ಹೇಳಬೇಕೋ ಗೊತ್ತಾಗಲಿಲ್ಲ. ಎರಡೂ ಒಂದೇ ಅಲ್ವಾ? 'ಕೆಟ್ಟು ಪಟ್ಟಣ ಸೇರು' ಅನ್ನೋ ಗಾದೆ ಕೆಟ್ಟವರಿಗೆ ಹೇಳಿದ್ದಾ?"

ಒಂದೇ ಅಲ್ಲ. ಆದರೆ ಮಗು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ, ಯಾಕಂದರೆ ಎರಡೂ ಹುಟ್ಟಿದ್ದು 'ಕೆಡು' ಅನ್ನೋ ಒಂದೇ ಪದದಿಂದ. ಕೊಡು ಕೊಟ್ಟ ಆಗುತ್ತದೆ, ಬಿಡು ಬಿಟ್ಟ ಆಗುತ್ತದೆ, ಸುಡು ಸುಟ್ಟ ಆಗುತ್ತದೆ, ಹಾಗೇ ಕೆಡು ಕೆಟ್ಟ ಆಗುತ್ತದೆ. ಮೊದಲು ಸರಿಯಾಗಿದ್ದದ್ದು ಈಗ ಸರಿಯಿಲ್ಲ, ಇಷ್ಟೇ ಇದರ ಬೇರಿನ ಅರ್ಥ.

ಇದನ್ನು ಚೆನ್ನಾಗಿ ತಿಳಿಯಬೇಕಾದರೆ ಅಡುಗೆಮನೆಗೆ ಹೋಗಬೇಕು. ನಮ್ಮ ಅಜ್ಜಿ ಬೆಳಗ್ಗೆ ಎದ್ದ ಕೂಡಲೇ ರಾತ್ರಿ ಉಳಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಒಂದು ಕ್ಷಣ ಸುಮ್ಮನಿದ್ದು, "ಇನ್ನೂ ಕೆಟ್ಟಿಲ್ಲ, ಒಂದು ಕುದಿ ಬರಿಸು" ಅನ್ನುತ್ತಿದ್ದರು. ಹಾಲು ಒಡೆಯುತ್ತದೆ, ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ನೀರು ಬಿದ್ದರೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಒಂದೊಂದಕ್ಕೂ ಒಂದೊಂದು ಮಾತಿದೆ. ಇಷ್ಟನ್ನೂ ಒಟ್ಟಿಗೆ ಹೇಳುವ ಮಾತು ಕೆಡು. ಅದು ಒಂದೇ ಏಟಿಗೆ ಆಗುವುದಿಲ್ಲ, ರಾತ್ರಿಯೆಲ್ಲ ಮುಚ್ಚಳದ ಕೆಳಗೆ ಯಾರಿಗೂ ಕಾಣದ ಹಾಗೆ ನಡೆದು ಬೆಳಗ್ಗೆ ವಾಸನೆಯಲ್ಲಿ ಗೊತ್ತಾಗುತ್ತದೆ. ಮನುಷ್ಯರ ವಿಷಯಕ್ಕೂ ನಮ್ಮವರು ಇದೇ ಪದ ಹಿಡಿದದ್ದು ಎಷ್ಟು ಸರಿ ನೋಡಿ.

ಈಗ ದೊಡ್ಡಪ್ಪನ ವಿಷಯ. 'ಕೆಟ್ಟರು' ಅನ್ನೋದು ಕ್ರಿಯಾಪದ, ಅವರಿಗೆ ಏನಾಯಿತು ಅಂತ ಹೇಳುತ್ತದೆ. ಸಾಲ ಮಾಡಿ ಕೆಟ್ಟರು, ವ್ಯಾಪಾರದಲ್ಲಿ ಕೆಟ್ಟರು, ಯಾರನ್ನೋ ನಂಬಿ ಕೆಟ್ಟರು ಅಂದಾಗ ಅವರ ಬಾಳು ಕೆಟ್ಟಿತು, ಗುಣವಲ್ಲ. 'ಕೆಟ್ಟವರು' ಅಂದ ತಕ್ಷಣ ಅದು ಅವರ ಗುಣಕ್ಕೆ ಅಂಟುತ್ತದೆ. ಎದುರಿಗಿರುವವರು ಮೋಸ ಹೋದಾಗ "ನಂಬಿ ಕೆಟ್ಟೆ" ಅಂತಾರೆ, ಆಗ ಅವರನ್ನು ಕೆಟ್ಟವರು ಅಂತ ಯಾರಾದರೂ ತಿಳೀತಾರಾ? ಗಾದೆಯೂ ಅಷ್ಟೇ. ಊರಲ್ಲಿ ಆಸ್ತಿ ಹೋಗಿ, ಬೆಳೆ ಹೋಗಿ, ಬದುಕು ಕೆಟ್ಟರೆ ಪಟ್ಟಣಕ್ಕೆ ಹೋಗಿ ಏನಾದರೂ ದುಡಿದು ತಿನ್ನು ಅನ್ನೋ ಬುದ್ಧಿಮಾತು ಅದು. ಕೆಟ್ಟವರೆಲ್ಲ ಪಟ್ಟಣದಲ್ಲಿದ್ದಾರೆ ಅನ್ನೋ ಅರ್ಥ ಅದಕ್ಕಿಲ್ಲ.

ಎರಡೂ ಅರ್ಥ ಒಂದೇ ಕಡೆ ಸೇರಿಕೊಳ್ಳುವ ಜಾಗವೂ ಇದೆ. "ಸಂಗದೋಷದಿಂದ ಸನ್ಯಾಸಿ ಕೆಟ್ಟ" ಅಂತಾರಲ್ಲ, ಅಲ್ಲಿ ಕೆಟ್ಟದ್ದು ನಡತೆ. ಕುಡಿದು ಕೆಟ್ಟ ಅಂದರೆ ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು. ಬಸವಣ್ಣನವರ "ಮಾಡಿ ಮಾಡಿ ಕೆಟ್ಟರು ಮನವಿಲ್ಲದೆ" ಅನ್ನೋ ವಚನದ ಸಾಲನ್ನು ತಗೊಳ್ಳಿ. ಅಲ್ಲಿರುವವರು ಹೊರಗಿನಿಂದ ನೋಡಿದರೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ. ಕೈ ಕೆಲಸ ಮಾಡುತ್ತಿದೆ, ಮನಸ್ಸು ಅದರಲ್ಲಿಲ್ಲ, ಅದಕ್ಕೇ ಕೆಟ್ಟರು. ಒಳ್ಳೆ ಕೆಲಸ ಮಾಡುತ್ತಲೇ ಕೆಡಬಹುದು ಅನ್ನೋದನ್ನು ಇಷ್ಟು ಸಣ್ಣ ಪದದಲ್ಲಿ ಹೇಳಿದ್ದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಇನ್ನು ಏನು ಕೆಟ್ಟಿತು ಅಂತ ಸರಿಯಾಗಿ ಹೇಳಬೇಕಾದರೆ 'ಕೆಟ್ಟ' ಅನ್ನೋದರ ಮೊದಲು ಒಂದು ಪದ ಸೇರಿಸಿದರೆ ಆಯಿತು, ಆಗ 'ಕ' ಹೋಗಿ 'ಗ' ಬರುತ್ತದೆ. ಮಾನಗೆಟ್ಟ, ಲಜ್ಜೆಗೆಟ್ಟ, ನೀತಿಗೆಟ್ಟ ಅಂದರೆ ಬೈಗುಳ. ಗತಿಗೆಟ್ಟ, ಕಂಗೆಟ್ಟ ಅಂದಾಗ ಸಾಮಾನ್ಯವಾಗಿ ಮರುಕವೇ ಜಾಸ್ತಿ. ಕಣ್ಣು ಕೆಟ್ಟು ದಾರಿ ಕಾಣದವನೇ ಕಂಗೆಟ್ಟವನು. ನನಗೆ ಜಾಸ್ತಿ ಇಷ್ಟವಾದದ್ದು ಹದಗೆಡು. ಬೆಲ್ಲದ ಪಾಕಕ್ಕೆ ಹದ ಇರುತ್ತದೆ, ಬಿತ್ತೋ ಮಣ್ಣಿಗೆ ಹದ ಇರುತ್ತದೆ, ಅದು ತಪ್ಪಿದರೆ ಹದಗೆಟ್ಟಿತು. ಈಗ ಈ ಪದ ಹೆಚ್ಚಾಗಿ ರಸ್ತೆ, ಆರೋಗ್ಯ, ಪರಿಸ್ಥಿತಿಯ ಸುದ್ದಿಗಳಲ್ಲಿ ಕಾಣಿಸುತ್ತದೆ. ಊರಿನ ನಡವಳಿಕೆ ಹದಗೆಟ್ಟಿದೆ ಅಂತಲೂ ಬರೆಯಬಹುದು, ಬರೆಯಬೇಕು. 'ನೈತಿಕ ಅಧಃಪತನ' ಅಂತ ಬರೆದರೆ ಭಾಷಣದ ಹಾಗಿರುತ್ತದೆ, ಅದೂ ಅಲ್ಲದೆ ಪತನ ಅಂದರೆ ಬೀಳೋದು. ಭ್ರಷ್ಟ ಅನ್ನೋದರ ಮೂಲದಲ್ಲೂ ಜಾರಿ ಬೀಳೋದೇ ಇದೆ, ಈಗ ಅದು ಹೆಚ್ಚಾಗಿ ಲಂಚದ ಮಾತಿಗೇ ಮೀಸಲಾಗಿದೆ. ಬೀಳೋದು ಬೇರೆ, ಕೆಡೋದು ಬೇರೆ.

ಒಂದು ವಿಷಯ ಮಾತ್ರ ನನಗೆ ತುಂಬಾ ನೋವು ಕೊಡುತ್ತದೆ. 'ಕೆಟ್ಟುಹೋದ ಹುಡುಗ' ಅಂದರೆ ಕುಡಿತ, ಜೂಜು, ಓದು ಬಿಟ್ಟದ್ದು, ಹೀಗೆ ಏನು ಬೇಕಾದರೂ ಆಗಬಹುದು. 'ಕೆಟ್ಟುಹೋದ ಹುಡುಗಿ' ಅಂದರೆ ಎಲ್ಲರ ತಲೆಗೂ ಒಂದೇ ಅರ್ಥ ಬರುತ್ತದೆ. ಇನ್ನೂ ಹಲವು ಕಡೆ, ಗಂಡಸೊಬ್ಬ ಬಲಾತ್ಕಾರ ಮಾಡಿದರೂ 'ಅವಳನ್ನು ಕೆಡಿಸಿದ' ಅಂತಾರೆ. ತಪ್ಪು ಮಾಡಿದವನು ಅವನು, 'ಕೆಟ್ಟವಳು' ಅನ್ನೋದು ಅಂಟುವುದು ಅವಳಿಗೆ. ಅವಳೇನು ಹಾಲಾ, ಸಾರಾ, ಇನ್ನೊಬ್ಬರ ಕೈ ತಾಗಿದರೆ ಕೆಡೋದಕ್ಕೆ? ದಯವಿಟ್ಟು ಹಾಗೆ ಹೇಳಬೇಡಿ, ಬರೆಯಲೂ ಬೇಡಿ. ಅವನು ಮಾಡಿದ್ದನ್ನು ಅದರ ಹೆಸರಿನಲ್ಲೇ ಹೇಳಿ.

ಒಳ್ಳೆಯದರ ಎದುರು ಮಾತಿಗೆ ಕನ್ನಡದಲ್ಲಿ 'ಕೆಟ್ಟದ್ದು' ಬಿಟ್ಟು ಬೇರೆ ಪದ ಇರಲಿಲ್ಲವಾ ಅಂದರೆ, ಇತ್ತು. ಬಾದಾಮಿಯಲ್ಲಿರುವ, ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿ ಒಳ್ಳೆಯದಕ್ಕೆ 'ಒಳ್ಳಿತ್ತು', ಅದರ ಎದುರಿಗೆ 'ಪೊಲ್ಲದು' ಅಂತಿದೆ. ಒಳ್ಳಿತ್ತು ಇವತ್ತಿನ 'ಒಳ್ಳೆಯದು' ಆಗಿ ನಮ್ಮ ಬಾಯಲ್ಲಿ ಉಳಿದಿದೆ. ಪೊಲ್ಲದು 'ಹೊಲ್ಲದು' ಆಗಿ, ಆಮೇಲೆ ದಿನದ ಮಾತಿನಿಂದ ಮರೆಯಾಯಿತು, ಆ ಜಾಗಕ್ಕೆ 'ಕೆಟ್ಟದ್ದು' ಬಂತು. ತಮಿಳರು 'ಪೊಲ್ಲಾದ' ಅನ್ನೋದನ್ನು ಇನ್ನೂ ಆಡುತ್ತಾರೆ, 'ಕೆಟ್ಟ'ವೂ ಅವರಲ್ಲಿದೆ. ತೆಲುಗಿನ 'ಚೆಡ್ಡ' ನಮ್ಮ ಕೆಟ್ಟದ ಒಡಹುಟ್ಟಿದ್ದೇ.

ಹಾಗಾಗಿ ನಾವು ಯಾರನ್ನಾದರೂ ಕೆಟ್ಟವರು ಅಂದಾಗಲೂ, ಪದದ ಲೆಕ್ಕದಲ್ಲಿ, ಅವರು ಒಂದು ಕಾಲಕ್ಕೆ ಚೆನ್ನಾಗಿದ್ದರು ಅಂತ ಒಪ್ಪಿಕೊಂಡ ಹಾಗಾಯಿತು. ನಿಮ್ಮ ಮಗಳಿಗೆ ಇದೆಲ್ಲ ಬೇಡ. ಇಷ್ಟು ಹೇಳಿ: "ಇಲ್ಲ ಕಂದಾ, ತಾತ ಒಳ್ಳೆಯವರೇ. ಅವರ ಕಾಲ ಕೆಟ್ಟಿತ್ತು, ಅಷ್ಟೇ."